ಕೊಂಬಿನ ಲೆಕ್ಕ, ಹೆಣ್ಣು ಜಿಂಕೆಯ ಲೆಕ್ಕ

2022–23ರ ಚಳಿಗಾಲ ಅಮೆರಿಕದ ವಯೋಮಿಂಗ್ ರಾಜ್ಯದ ಪಶ್ಚಿಮ ಬಯಲುಗಳಲ್ಲಿ ಮ್ಯೂಲ್ ಡಿಯರ್ ಜಿಂಕೆಗಳ ಪಾಲಿಗೆ ಯಮನಾಗಿ ಬಂತು. ಹಿಮ ಆಳವಾಗಿ ಬಿದ್ದು, ಮೇಲ್ಪದರ ಹೆಪ್ಪುಗಟ್ಟಿ, ತಿಂಗಳುಗಟ್ಟಲೆ ಕರಗಲೇ ಇಲ್ಲ. ವಯೋಮಿಂಗ್ ರೇಂಜ್ ಹಿಂಡಿನಲ್ಲಿ ಸಂಶೋಧಕರು ಜಾಡು ತಿಳಿಯಲು ಕೊರಳಿಗೆ ಕಾಲರ್ ತೊಡಿಸಿದ್ದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಬೆಳೆದ ಹೆಣ್ಣುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಸತ್ತವು. ಪೈನ್‌ಡೇಲ್ ಪಟ್ಟಣದ ಸುತ್ತಮುತ್ತಲಿನ ಪ್ರಾಂಗ್‌ಹಾರ್ನ್ (ಜಿಂಕೆಯನ್ನು ಹೋಲುವ ಬಯಲಿನ ಪ್ರಾಣಿ) ಹಿಂಡು ಹಿಮದ ಜೊತೆಗೆ ಮೈಕೋಪ್ಲಾಸ್ಮಾ ಬೋವಿಸ್ ಎಂಬ ಬ್ಯಾಕ್ಟೀರಿಯಾದ ನ್ಯುಮೋನಿಯಾಕ್ಕೂ ಸಿಕ್ಕಿ ಸುಮಾರು ಅರ್ಧಕ್ಕಿಳಿಯಿತು.

ಆ ವಸಂತದಲ್ಲಿ ಪರವಾನಗಿ ಕಡಿಮೆ ಮಾಡಿ ಎಂದು ಸಭೆಗಳಲ್ಲಿ ಎದ್ದು ನಿಂತು ಕೇಳಿದವರಲ್ಲಿ ಬೇಟೆಗಾರರೇ ಹೆಚ್ಚು. ರಾಜ್ಯದ ಗೇಮ್ ಅಂಡ್ ಫಿಶ್ ಇಲಾಖೆ ಸಾವಿರಾರು ಟ್ಯಾಗ್‌ಗಳನ್ನು, ಅಂದರೆ ಒಂದು ಪ್ರಾಣಿಯನ್ನು ಹೊಡೆಯಲು ಕೊಡುವ ಪರವಾನಗಿ ಚೀಟಿಗಳನ್ನು, ರದ್ದು ಮಾಡಿತು. ಬೇಟೆಗಾರರೇ ಬೇಟೆ ಕಡಿಮೆ ಮಾಡಿ ಅನ್ನುವುದು ನಮಗೆ ವಿಚಿತ್ರವಾಗಿ ಕಂಡೀತು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಇದು ಹಳೆಯ ಅಭ್ಯಾಸ. ಆದರೆ ಅವರು ಕೇಳುವುದೆಲ್ಲ ಹಿಂಡಿಗೆ ಒಳ್ಳೆಯದೇ ಆಗಿರುವುದಿಲ್ಲ. ಕೆಲವು ಬೇಡಿಕೆಗಳು ಹಿಂಡನ್ನು ಬೆಳೆಸುತ್ತವೆ, ಕೆಲವು ಬೇಟೆಗಾರನ ಮನಸ್ಸಿಗೆ ಸಮಾಧಾನ ಕೊಟ್ಟು ಅಲ್ಲಿಗೇ ಮುಗಿಯುತ್ತವೆ.

ಮೊದಲು ಹಿಂಡಿನ ಗಣಿತ. ಬೇಟೆಯ ಕಾಲ ಮುಗಿದು ಜಿಂಕೆಗಳು ತಗ್ಗಿನ ಬಯಲಿಗಿಳಿದ ಮೇಲೆ, ಡಿಸೆಂಬರ್ ಹೊತ್ತಿಗೆ, ಜೀವಶಾಸ್ತ್ರಜ್ಞರು ಹೆಲಿಕಾಪ್ಟರಿನಲ್ಲಿ ಸುತ್ತಿ ಗಂಡು, ಹೆಣ್ಣು, ಮರಿಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಅದರಿಂದ ಎರಡು ಸಂಖ್ಯೆ ಸಿಗುತ್ತವೆ: 100 ಹೆಣ್ಣಿಗೆ ಎಷ್ಟು ಗಂಡು, 100 ಹೆಣ್ಣಿಗೆ ಎಷ್ಟು ಮರಿ. ಹೆಣ್ಣುಗಳಲ್ಲಿ ವರ್ಷಕ್ಕೆ ಶೇ. 15 ಸಾಯುತ್ತವೆ ಎಂದಿಟ್ಟುಕೊಳ್ಳಿ. ಆರೋಗ್ಯವಾಗಿರುವ ಹಿಂಡಿನಲ್ಲೂ ಹೆಚ್ಚುಕಡಿಮೆ ಇಷ್ಟು ಸಾವು ಇದ್ದೇ ಇರುತ್ತದೆ. ಡಿಸೆಂಬರಿನಲ್ಲಿ 100 ಹೆಣ್ಣಿಗೆ 60 ಮರಿ ಕಂಡರೆ ಅವುಗಳಲ್ಲಿ 30 ಹೆಣ್ಣು. ಚಳಿಗಾಲದಲ್ಲಿ ಅರ್ಧ ಸತ್ತರೆ 15 ಉಳಿಯುತ್ತವೆ. ಸತ್ತ 15ರ ಜಾಗಕ್ಕೆ 15 ಬಂದವು, ಹಿಂಡು ಇದ್ದಲ್ಲೇ ಇದೆ. ಮರಿಗಳ ಸಂಖ್ಯೆ 60ರಿಂದ 45ಕ್ಕೆ ಇಳಿದರೆ, ಒಂದೇ ಒಂದು ಗುಂಡು ಹಾರದಿದ್ದರೂ ಹಿಂಡು ಕರಗುತ್ತಾ ಹೋಗುತ್ತದೆ.

ಈ ಲೆಕ್ಕದಲ್ಲಿ ಗಂಡು ಜಿಂಕೆ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. 100 ಹೆಣ್ಣಿಗೆ 20 ಗಂಡಿದ್ದರೂ ಹೆಣ್ಣುಗಳು ಗಬ್ಬವಾಗುವುದು ಕಡಿಮೆಯಾಗುವುದಿಲ್ಲ. ವಯೋಮಿಂಗ್‌ನಲ್ಲಿ 100ಕ್ಕೆ 20ರಿಂದ 29 ಗಂಡು ಇರುವಂತೆ ನೋಡಿಕೊಳ್ಳುವುದು ಸಾಮಾನ್ಯ ನಿರ್ವಹಣೆ, 30ರಿಂದ 45 ಇರುವಂತೆ ನೋಡಿಕೊಳ್ಳುವುದು ವಿಶೇಷ ನಿರ್ವಹಣೆ. ಈ ವಿಶೇಷದಿಂದ ಹಿಂಡು ದೊಡ್ಡದಾಗುವುದಿಲ್ಲ. ದೊಡ್ಡ ಕೊಂಬಿನವು ಕಣ್ಣಿಗೆ ಬೀಳುವ ಅವಕಾಶ ಹೆಚ್ಚುತ್ತದೆ, ಅಷ್ಟೆ.

ಹಿಂಡು ಸೊರಗಿದಾಗಲೆಲ್ಲ ಬೇಟೆಗಾರರ ಬಾಯಿಂದ ಮೊದಲು ಬರುವ ಬೇಡಿಕೆ ಕವಲಿನ ನಿಯಮ. ಒಂದು ಬದಿಯ ಕೊಂಬಿನಲ್ಲಿ ಮೂರೋ ನಾಲ್ಕೋ ಕವಲು ಇರುವ ಗಂಡನ್ನು ಮಾತ್ರ ಹೊಡೆಯಬೇಕು ಎಂಬ ಕಟ್ಟಳೆ ಇದು. ಎಳೆಯವು ಉಳಿದು ಬಲಿಯುತ್ತವೆ ಎಂಬ ತರ್ಕ ಕೇಳಲು ಸರಿಯಾಗಿಯೇ ಇದೆ. ಮೊದಲ ಒಂದೆರಡು ವರ್ಷ ಎಣಿಕೆಯಲ್ಲಿ ಗಂಡುಗಳ ಸಂಖ್ಯೆ ಏರಿದಂತೆಯೂ ಕಾಣುತ್ತದೆ. ಆಮೇಲೆ ಕೆಡುವುದು ಹೀಗೆ: ಬೇಟೆಗಾರರ ಸಂಖ್ಯೆ ಇಳಿಯದೆ ಅಷ್ಟೂ ಒತ್ತಡ ಮೂರು ಕವಲಿನವುಗಳ ಮೇಲೆ ಬೀಳುತ್ತದೆ. ಯಾವುದನ್ನು ಉಳಿಸಬೇಕೆಂದು ನಿಯಮ ಬಂತೋ ಆ ಬಲಿತ ಗಂಡುಗಳೇ ಮೊದಲು ಖಾಲಿಯಾಗುತ್ತವೆ. ಇನ್ನೂರು ಗಜ ದೂರದಿಂದ, ಮಬ್ಬು ಬೆಳಕಿನಲ್ಲಿ, ಪೊದೆಯ ಹಿಂದಿನ ಕೊಂಬಿನ ಕವಲು ಎಣಿಸುವಾಗ ತಪ್ಪಾಗುತ್ತದೆ. ಎರಡೇ ಕವಲಿನದು ಬಿದ್ದಾಗ ದಂಡಕ್ಕೆ ಹೆದರಿ ಅಲ್ಲೇ ಬಿಟ್ಟು ಹೋಗುವವರಿದ್ದಾರೆ, ಆ ಸಾವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಕವಲಿಗೂ ವಯಸ್ಸಿಗೂ ಖಚಿತ ನಂಟೂ ಇಲ್ಲ. ಚೆನ್ನಾಗಿ ಮೇದ ಒಂದೂವರೆ ವರ್ಷದ ಗಂಡಿಗೆ ಮೂರು ಕವಲು ಬರಬಹುದು, ಬಲಿತದ್ದು ಎರಡರಲ್ಲೇ ನಿಲ್ಲಬಹುದು. ಕೆಟ್ಟ ಚಳಿಗಾಲದ ಮರುವರ್ಷಗಳಲ್ಲಿ ಅಳಿದುಳಿದ ಎಳೆಯವನ್ನು ಕಾಯಲು ಎರಡು ಮೂರು ವರ್ಷದ ಮಟ್ಟಿಗೆ ಈ ನಿಯಮ ಸರಿ. ಅದನ್ನು ಶಾಶ್ವತ ಮಾಡಿ ಎನ್ನುವುದು ತಪ್ಪು ಬೇಡಿಕೆ.

ಎರಡನೆಯ ಸುಲಭ ಬೇಡಿಕೆ ಮರಿಗಳನ್ನು ಹಿಡಿಯುವ ಕಯೋಟಿಗಳನ್ನು, ಅಂದರೆ ತೋಳದ ಜಾತಿಯ ಚಿಕ್ಕ ಪ್ರಾಣಿಗಳನ್ನು, ಕೊಲ್ಲುವುದು. ಆಗ್ನೇಯ ಐಡಹೋದಲ್ಲಿ 1997ರಿಂದ 2003ರವರೆಗೆ ಕೆಲವು ಪ್ರದೇಶಗಳಲ್ಲಿ ಕಯೋಟಿ ಮತ್ತು ಬೆಟ್ಟದ ಸಿಂಹಗಳನ್ನು (ಪೂಮಾ) ತೆಗೆದು, ಕೆಲವು ಕಡೆ ಹಾಗೇ ಬಿಟ್ಟು ಹೋಲಿಸಿ ನೋಡಿದರು. ಜಿಂಕೆಗಳ ಏರಿಳಿತವನ್ನು ನಿರ್ಧರಿಸಿದ್ದು ಮುಖ್ಯವಾಗಿ ಮಳೆ ಮತ್ತು ಚಳಿ. ಕಯೋಟಿ ತೆಗೆದದ್ದರಿಂದ ಹಿಂಡಿನ ಗಾತ್ರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆ ಹಣವನ್ನು ಮೇವಿಗೆ ಹಾಕಿದ್ದರೆ ಎಂಬ ಪ್ರಶ್ನೆಯನ್ನು ಬೇಟೆಗಾರ ಸಂಘಗಳು ಇನ್ನೂ ಗಟ್ಟಿಯಾಗಿ ಕೇಳಬೇಕು.

ಇಲ್ಲಿ ಯಾರ ಪ್ರಾಣಿ, ಯಾರ ನೆಲ ಎಂಬುದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಅಮೆರಿಕ ಹಿಡಿದ ದಾರಿಯೇ ಬೇರೆ. ಅಲ್ಲಿ ಕಾಡುಪ್ರಾಣಿ ಜನರೆಲ್ಲರ ಆಸ್ತಿ, ಅದರ ಪಾಲಕ ಆಯಾ ರಾಜ್ಯ ಸರ್ಕಾರ. ನೆಲ ಮಾತ್ರ ಹಲವರದು. ಒಕ್ಕೂಟ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ, ಫಾರೆಸ್ಟ್ ಸರ್ವಿಸ್ ಕೈಯಲ್ಲಿ ಸುಮಾರು 19.3 ಕೋಟಿ ಎಕರೆ ಇದೆ. ಎಷ್ಟು ಜಿಂಕೆ ಹೊಡೆಯಬಹುದು ಎಂದು ರಾಜಧಾನಿ ಚೆಯೆನ್ನ್‌ನಲ್ಲಿ ಕೂತ ರಾಜ್ಯದ ಇಲಾಖೆ ಹೇಳುತ್ತದೆ. ಆ ಜಿಂಕೆ ಮೇಯುವ ಬಯಲಿನಲ್ಲಿ ಗ್ಯಾಸ್ ಬಾವಿ ಕೊರೆಯಬಹುದೇ ಎಂದು ಒಕ್ಕೂಟದ ಇಲಾಖೆ ಹೇಳುತ್ತದೆ. ಬೇಟೆಗಾರರಲ್ಲಿ ಬಹುಪಾಲು ಜನ ಮೊದಲ ಬಾಗಿಲನ್ನು ಮಾತ್ರ ತಟ್ಟುತ್ತಾರೆ. ಜಿಂಕೆಯ ಹಣೆಬರಹ ತೀರ್ಮಾನವಾಗುವುದು ಹೆಚ್ಚಾಗಿ ಎರಡನೆಯದರ ಹಿಂದೆ.

ದುಡ್ಡಿನ ವ್ಯವಸ್ಥೆ ಮಾತ್ರ ಬೇಟೆಗಾರರ ಒತ್ತಾಯದಿಂದ ಬಂದ ಒಳ್ಳೆಯ ಫಲ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ, ಮೊದಲೇ ಇದ್ದ ಬಂದೂಕು ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. ಈಗ ಉದ್ದ ಬಂದೂಕು, ಗುಂಡು, ಬಿಲ್ಲುಗಳ ಮೇಲೆ ಶೇ. 11, ಕೈಬಂದೂಕಿನ ಮೇಲೆ ಶೇ. 10. ಅಂಗಡಿಯಲ್ಲಿ ವಸೂಲಿ ಇಲ್ಲ, ತಯಾರಕರಿಂದ ಮತ್ತು ಆಮದುದಾರರಿಂದಲೇ ವಸೂಲಿ. ಮುಖ್ಯ ನಿಧಿಯನ್ನು ರಾಜ್ಯಗಳಿಗೆ ಹಂಚುವಾಗ ಅರ್ಧ ಭಾಗ ರಾಜ್ಯದ ವಿಸ್ತೀರ್ಣದ ಮೇಲೆ, ಇನ್ನರ್ಧ ಹಣ ಕೊಟ್ಟು ಪರವಾನಗಿ ಪಡೆದವರ ಸಂಖ್ಯೆಯ ಮೇಲೆ. ಯೋಜನೆಯ ವೆಚ್ಚದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಕ್ಕೂಟದ್ದು, ಒಂದು ಪಾಲು ರಾಜ್ಯದ್ದು. ಕಾಯ್ದೆಯ ನಿಜವಾದ ಬಿಗಿ ಇರುವುದು ಒಂದು ಷರತ್ತಿನಲ್ಲಿ: ಬೇಟೆಯ ಪರವಾನಗಿ ಶುಲ್ಕವನ್ನು ವನ್ಯಜೀವಿ ಇಲಾಖೆಗೆ ಬಿಟ್ಟು ಬೇರೆಡೆಗೆ ತಿರುಗಿಸಿದ ರಾಜ್ಯ ಈ ಹಣಕ್ಕೆ ಅರ್ಹತೆ ಕಳೆದುಕೊಳ್ಳುತ್ತದೆ. ಹಾಗಾಗಿ ಬಜೆಟ್ ಕೊರತೆಯಾದಾಗಲೂ ಶಾಸಕರು ಆ ಗಂಟಿಗೆ ಕೈ ಹಾಕಲು ಹಿಂಜರಿಯುತ್ತಾರೆ.

ಇದರ ಜೊತೆಗೇ ಒಂದು ಕಹಿ ಸತ್ಯವನ್ನೂ ಹೇಳಬೇಕು. ಇಂದು ಈ ತೆರಿಗೆಯ ದೊಡ್ಡ ಪಾಲು ಬರುವುದು ಬೇಟೆಗೆ ಹೋಗದೆ ಆತ್ಮರಕ್ಷಣೆಗೋ ಗುರಿ ಅಭ್ಯಾಸಕ್ಕೋ ಬಂದೂಕು ಕೊಳ್ಳುವವರಿಂದ. ನಾವೇ ಎಲ್ಲದಕ್ಕೂ ದುಡ್ಡು ಕಟ್ಟುತ್ತೇವೆ ಎಂದು ಬೇಟೆಗಾರರು ಸಭೆಗಳಲ್ಲಿ ಹೇಳುವುದು ಪೂರ್ತಿ ನಿಜವಲ್ಲ. ಆ ಮಾತಿಗೆ ಜೋತುಬಿದ್ದರೆ ಬೇಟೆಯಾಡದ ಪರಿಸರಪ್ರೇಮಿಗಳನ್ನು ಸುಮ್ಮನೆ ದೂರ ಮಾಡಿಕೊಂಡಂತಾಗುತ್ತದೆ.

ಹಿಂಡಿನ ಗಣಿತವನ್ನು ಬದಲಿಸುವ ಬೇಡಿಕೆಗಳು ಯಾವುವು? ಚಳಿಗಾಲದ ಬಯಲು, ಅಲ್ಲಿಗೆ ಹೋಗುವ ದಾರಿ, ದಾರಿಯಲ್ಲಿರುವ ಬೇಲಿ.

ಮ್ಯೂಲ್ ಡಿಯರ್ ಚಳಿಗಾಲದಲ್ಲಿ ಹೊಟ್ಟೆತುಂಬ ತಿಂದು ಬದುಕುವ ಪ್ರಾಣಿಯಲ್ಲ. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಮೇದು ಕೂಡಿಟ್ಟ ಕೊಬ್ಬನ್ನು ನಿಧಾನವಾಗಿ ಕರಗಿಸುತ್ತಾ, ಹಿಮದ ಮೇಲೆ ತಲೆ ಎತ್ತಿ ನಿಂತ ಸೇಜ್‌ಬ್ರಷ್ ಪೊದೆಯ ಕುಡಿ ತಿಂದುಕೊಂಡು ಏಪ್ರಿಲ್‌ವರೆಗೆ ದಿನ ದೂಡುತ್ತದೆ. ಫೆಬ್ರವರಿಯಲ್ಲಿ ಅದನ್ನು ನಾಲ್ಕು ಸಲ ಎಬ್ಬಿಸಿ ಓಡಿಸಿದರೆ ಮಾರ್ಚ್‌ಗೆ ಬೇಕಾಗಿದ್ದ ಕೊಬ್ಬು ಖರ್ಚಾಗಿರುತ್ತದೆ. ಅದಕ್ಕೇ ಒಕ್ಕೂಟದ ನೆಲದ ಅತಿ ಮುಖ್ಯ ಚಳಿಗಾಲದ ತಾಣಗಳಲ್ಲಿ ನವೆಂಬರ್ 15ರಿಂದ ಏಪ್ರಿಲ್ 30ರವರೆಗೆ ಕೊರೆಯುವ ಕೆಲಸಕ್ಕೆ ತಡೆ ಹಾಕುವ ಷರತ್ತು ಗುತ್ತಿಗೆಗಳಲ್ಲಿರುತ್ತದೆ. ಕಂಪನಿಗಳು ವಿನಾಯಿತಿ ಕೇಳುತ್ತವೆ. ಆ ಕಡತಗಳನ್ನು ಓದಿ ಆಕ್ಷೇಪ ಬರೆಯುವ ಬೇಟೆಗಾರರು ಬೆರಳೆಣಿಕೆಯಷ್ಟು. ಇನ್ನೊಂದು ಕಡೆ ಬೇಟೆಗಾರರು ತಮಗೆ ತಾವೇ ಕಡಿವಾಣ ಹಾಕಿಕೊಂಡಿದ್ದಾರೆ. ಚಳಿಗಾಲದಲ್ಲಿ ಗಂಡುಗಳು ಉದುರಿಸುವ ಕೊಂಬನ್ನು ಹೆಕ್ಕಲು ಜನ ಬಯಲಿಗೆ ನುಗ್ಗಿ ಜಿಂಕೆಗಳನ್ನು ಎಬ್ಬಿಸುತ್ತಿದ್ದರು. ಈಗ ಪಶ್ಚಿಮ ವಯೋಮಿಂಗ್‌ನ ಸಾರ್ವಜನಿಕ ನೆಲದಲ್ಲಿ ಜನವರಿ 1ರಿಂದ ಏಪ್ರಿಲ್ ಮುಗಿಯುವವರೆಗೆ ಕೊಂಬು ಹೆಕ್ಕುವಂತಿಲ್ಲ. ರಾಜ್ಯದ ನಿವಾಸಿಗಳಿಗೆ ಮೇ 1ರ ಬೆಳಿಗ್ಗೆ 6 ಗಂಟೆಗೆ ಬಾಗಿಲು ತೆರೆಯುತ್ತದೆ.

ಸೇಜ್‌ಬ್ರಷ್‌ಗೆ ದೊಡ್ಡ ಶತ್ರು ಚೀಟ್‌ಗ್ರಾಸ್ ಎಂಬ ಪರದೇಶಿ ಹುಲ್ಲು. ಅದು ಜೂನ್‌ಗೇ ಒಣಗಿ ಬೆಂಕಿಗೆ ಸಿದ್ಧವಾಗುತ್ತದೆ, ಸುಟ್ಟ ಜಾಗದಲ್ಲಿ ಮತ್ತೆ ತಾನೇ ಮೊದಲು ಮೊಳೆಯುತ್ತದೆ, ಪೊದೆ ವಾಪಸು ಬರಲು ದಶಕಗಳು ಬೇಕು. ಇಂಡಾಜಿಫ್ಲಾಮ್ ಎಂಬ ಔಷಧವನ್ನು ಬೀಜ ಮೊಳೆಯುವ ಮೊದಲೇ ಹೆಲಿಕಾಪ್ಟರಿನಿಂದ ಸಿಂಪಡಿಸಿದರೆ ಸುಮಾರು ಮೂರು ವರ್ಷ ಮೊಳಕೆ ತಡೆಯುತ್ತದೆ. ಬೇರೂರಿದ ಪೊದೆಗೆ ಹಾನಿ ಕಡಿಮೆ. ಆಗಲೇ ಮೊಳೆತ ಮೇಲೆ ಸಿಂಪಡಿಸಿದರೆ ಹಣ ದಂಡ.

ದಾರಿಯ ವಿಷಯ ಇನ್ನೂ ಸ್ವಾರಸ್ಯದ್ದು. ವಯೋಮಿಂಗ್‌ನ ರೆಡ್ ಡೆಸರ್ಟ್‌ನಿಂದ ಹೋಬ್ಯಾಕ್ ಕಣಿವೆಯವರೆಗೆ ಮ್ಯೂಲ್ ಡಿಯರ್‌ಗಳು 150 ಮೈಲಿ ನಡೆಯುತ್ತವೆ ಎಂಬುದು ಜಿಪಿಎಸ್ ಕಾಲರ್‌ಗಳಿಂದ ಗೊತ್ತಾಗಿದ್ದು 2010ರ ದಶಕದಲ್ಲಷ್ಟೇ. ಆ ದಾರಿಯಲ್ಲಿ ನೂರಕ್ಕೂ ಹೆಚ್ಚು ಬೇಲಿಗಳಿವೆ. ಫ್ರೀಮಾಂಟ್ ಸರೋವರದ ಬಳಿ ಸಾವಿರಾರು ಜಿಂಕೆಗಳು ಸರೋವರಕ್ಕೂ ಪೈನ್‌ಡೇಲ್ ಪಟ್ಟಣಕ್ಕೂ ನಡುವಿನ ಕಿರಿದಾದ ಪಟ್ಟಿಯಲ್ಲಿ ನುಸುಳಬೇಕು. ಅಲ್ಲಿ ಮನೆಗಳೆದ್ದಿದ್ದರೆ ಇಡೀ ದಾರಿ ಮುಚ್ಚುತ್ತಿತ್ತು. 364 ಎಕರೆ ಕೊಂಡು ಇಲಾಖೆಗೆ ಒಪ್ಪಿಸಿದ್ದರಿಂದ ದಾರಿ ಉಳಿಯಿತು. ಹತ್ತಿರದ ಟ್ರ್ಯಾಪರ್ಸ್ ಪಾಯಿಂಟ್‌ನಲ್ಲಿ 2012ರಲ್ಲಿ ಹೆದ್ದಾರಿಗೆ ಎರಡು ಮೇಲ್ಸೇತುವೆ, ಆರು ಕೆಳದಾರಿ ಕಟ್ಟಿ, ಎರಡೂ ಬದಿಗೆ ಎಂಟು ಅಡಿ ಬೇಲಿ ಹಾಕಿದರು. ಪ್ರಾಂಗ್‌ಹಾರ್ನ್‌ಗಳು ಮೇಲಿನಿಂದ, ಜಿಂಕೆಗಳು ಹೆಚ್ಚಾಗಿ ಕೆಳಗಿನಿಂದ ದಾಟುತ್ತವೆ. ತೆರೆದ ನೋಟ ಇಲ್ಲದ ಸುರಂಗಕ್ಕೆ ಪ್ರಾಂಗ್‌ಹಾರ್ನ್ ಕಾಲಿಡುವುದಿಲ್ಲ, ಆದ್ದರಿಂದ ಕೆಳದಾರಿ ಮಾತ್ರ ಕಟ್ಟಿ ಉಳಿತಾಯ ಮಾಡುವ ಯೋಜನೆಗಳು ಆ ಪ್ರಾಣಿಯ ಮಟ್ಟಿಗೆ ದಂಡ.

ನಡಿಗೆ ಬರೀ ನಡಿಗೆಯಲ್ಲ. ಜಿಂಕೆಗಳು ವಲಸೆಯ ಕಾಲದ ಶೇ. 95ರಷ್ಟನ್ನು ದಾರಿಯ ತಂಗುದಾಣಗಳಲ್ಲಿ ಮೇಯುತ್ತಾ ಕಳೆಯುತ್ತವೆ, ಎಳೆ ಹುಲ್ಲು ಚಿಗುರುವುದನ್ನೇ ಹಿಂಬಾಲಿಸಿ ಬೆಟ್ಟ ಏರುತ್ತವೆ. ದಾರಿಯ ಪಕ್ಕದ ಒಂದು ಗದ್ದಲದ ಬಾವಿ ಅವನ್ನು ಓಡಿಸಿದರೆ ಕೊನೆ ಮುಟ್ಟುತ್ತವೆ, ಆದರೆ ಮೇಯದೆ ಮುಟ್ಟುತ್ತವೆ. ನಕ್ಷೆಯಲ್ಲಿ ಗೆರೆ ಎಳೆದು ದಾರಿ ಬಿಟ್ಟಿದ್ದೇವೆ ಎನ್ನುವ ಕಂಪನಿಗೆ ಬೇಟೆಗಾರರು ಕೇಳಬೇಕಾದದ್ದು ತಂಗುದಾಣದ ಪ್ರಶ್ನೆಯನ್ನು.

ಬೇಲಿಯ ಕೆಲಸವಂತೂ ಶನಿವಾರದ ಶ್ರಮದಾನದಲ್ಲೇ ಆಗುವಂಥದ್ದು. ನಾಲ್ಕು ತಂತಿಯ ಬೇಲಿಗೆ ನೆಲದಿಂದ 16, 22, 28, 40 ಇಂಚು ಎಂಬ ಅಳತೆ ಚಾಲ್ತಿಯಲ್ಲಿದೆ. ಪ್ರಾಂಗ್‌ಹಾರ್ನ್ ಹಾರುವುದು ಅಪರೂಪ, ಅಡಿಯಿಂದ ನುಸುಳುತ್ತದೆ. ಆದ್ದರಿಂದ ಕೆಳಗಿನ ತಂತಿ ಮುಳ್ಳಿಲ್ಲದ ನುಣುಪು ತಂತಿಯಾಗಿರಬೇಕು, 16 ಇಂಚಿಗಿಂತ ಕೆಳಗಿರಬಾರದು, 18 ಇದ್ದರೆ ಇನ್ನೂ ಚೆನ್ನ. ಜಿಂಕೆ ಹಾರುತ್ತದೆ. ಹಾರುವಾಗ ಹಿಂಗಾಲು ಮೇಲಿನ ತಂತಿಯ ಅಡಿಗೆ ಸಿಕ್ಕಿ, ಎರಡನೆಯ ತಂತಿಗೆ ಹೆಣೆದುಕೊಂಡು, ತಲೆಕೆಳಗಾಗಿ ನೇತಾಡಿ ಸಾಯುತ್ತದೆ. ಇದು ತಪ್ಪಬೇಕಾದರೆ ಮೇಲಿನ ಎರಡು ತಂತಿಗಳ ನಡುವೆ 12 ಇಂಚು ಇರಬೇಕು, ಮೇಲಿನದು 40–42 ಇಂಚು ಮೀರಬಾರದು, ಬಿಗಿಯಾಗಿರಬೇಕು. ಸಡಿಲವಾದ ತಂತಿಯೇ ಕಾಲಿಗೆ ಸುತ್ತಿಕೊಳ್ಳುವುದು. ಯಾರಿಗೂ ಬೇಡವಾದ ಹಳೆಯ ಕುರಿ ಬೇಲಿಗಳ ಬಲೆ ತಂತಿಯನ್ನು ಪೂರ್ತಿ ಕಿತ್ತು ಸುರುಳಿ ಸುತ್ತಿ ಒಯ್ಯಬೇಕು, ತುಂಡುಗಳನ್ನು ಅಲ್ಲೇ ಬಿಟ್ಟರೆ ಮುಂದಿನ ಹಿಮದಡಿ ಅವೇ ಉರುಳಾಗುತ್ತವೆ. ಜೊತೆಗೆ ಆ ನೆಲದಲ್ಲಿ ದನ ಮೇಯಿಸುವ ರ‍್ಯಾಂಚ್‌ನವರ ಒಪ್ಪಿಗೆ ಮೊದಲೇ ಬೇಕು. ಕೇಳದೆ ಮುಟ್ಟಿದ ಬೇಲಿ ಒಂದು ಊರಿನಲ್ಲಿ ಹತ್ತು ವರ್ಷದ ಸಹಕಾರವನ್ನು ಕೆಡಿಸುತ್ತದೆ.

ಇನ್ನು ಒಳಗೆ ಕಾಲಿಡುವ ಹಕ್ಕು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಕಂಪನಿಗಳಿಗೆ ಹಳಿಯ ಎರಡೂ ಬದಿಗೆ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ತುಂಡುಗಳನ್ನು ಕೊಟ್ಟಿದ್ದರಿಂದ ದಕ್ಷಿಣ ವಯೋಮಿಂಗ್ ನಕ್ಷೆ ಇಂದಿಗೂ ಚದುರಂಗದ ಮಣೆ. ಎರಡು ಸಾರ್ವಜನಿಕ ಚೌಕಗಳು ಮೂಲೆಯಲ್ಲಿ ಮಾತ್ರ ಮುಟ್ಟುತ್ತವೆ. ಆ ಬಿಂದುವಿನಲ್ಲಿ ದಾಟಿದರೆ ಭುಜ ಖಾಸಗಿ ಗಾಳಿಯಲ್ಲಿ ಹಾದುಹೋಯಿತು ಎಂಬ ವಾದಕ್ಕೆ ಹೆದರಿ ಜನ ಹೋಗುತ್ತಿರಲಿಲ್ಲ. ಪಶ್ಚಿಮದಲ್ಲಿ ಹೀಗೆ ಮೂಲೆಯಲ್ಲಿ ಬೀಗ ಬಿದ್ದ ಸಾರ್ವಜನಿಕ ನೆಲ ಸುಮಾರು 83 ಲಕ್ಷ ಎಕರೆ ಎಂದು ನಕ್ಷೆ ಕಂಪನಿ ಆನ್‌ಎಕ್ಸ್ ಅಂದಾಜಿಸಿದೆ. 2021ರಲ್ಲಿ ಮಿಸೌರಿಯ ನಾಲ್ವರು ಬೇಟೆಗಾರರು ಎಲ್ಕ್ ಮೌಂಟನ್ ಬಳಿ ಮಡಚುವ ಏಣಿಯೊಂದನ್ನು ಮೂಲೆಯ ಮೇಲೆ ನಿಲ್ಲಿಸಿ, ಖಾಸಗಿ ನೆಲಕ್ಕೆ ಕಾಲು ತಾಗಿಸದೆ ದಾಟಿದರು. 2022ರಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು. ಜಮೀನಿನ ಮಾಲೀಕರು 70 ಲಕ್ಷ ಡಾಲರಿಗೂ ಹೆಚ್ಚು ನಷ್ಟವಾಯಿತೆಂದು ಹೂಡಿದ ದಾವೆಯೂ ಬಿದ್ದುಹೋಯಿತು. 2025ರ ಮಾರ್ಚ್‌ನಲ್ಲಿ ಹತ್ತನೇ ಸರ್ಕಿಟ್ (ಕೆಲವು ರಾಜ್ಯಗಳು ಸೇರಿದ ನ್ಯಾಯಾಂಗ ವಲಯ) ಮೇಲ್ಮನವಿ ನ್ಯಾಯಾಲಯ, ಸಾರ್ವಜನಿಕ ನೆಲವನ್ನು ಬೇಲಿ ಹಾಕಿ ಮುಚ್ಚುವುದನ್ನು ನಿಷೇಧಿಸುವ 1885ರ ಕಾಯ್ದೆಯ ಬಲದಿಂದ ಬೇಟೆಗಾರರ ಪರ ತೀರ್ಪು ಕೊಟ್ಟಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲಿಲ್ಲ. ವಕೀಲರ ಖರ್ಚಿಗೆ ಬ್ಯಾಕ್‌ಕಂಟ್ರಿ ಹಂಟರ್ಸ್ ಅಂಡ್ ಆ್ಯಂಗ್ಲರ್ಸ್ ಸಂಘದ ವಯೋಮಿಂಗ್ ಶಾಖೆ ಚಂದಾ ಎತ್ತಿತ್ತು. ತೀರ್ಪು ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಾಸ್, ಒಕ್ಲಹೋಮಗಳಿಗೆ ಅನ್ವಯ. ಮೊಂಟಾನಾ ಬೇರೆ ಸರ್ಕಿಟ್‌ಗೆ ಸೇರಿದ್ದು, ಅಲ್ಲಿ ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

ಇದು ಹಿಂಡಿನ ನಿರ್ವಹಣೆಯ ಪ್ರಶ್ನೆಯೂ ಹೌದು. ದೊಡ್ಡ ಜಾತಿಯ ಜಿಂಕೆಗಳಾದ ಎಲ್ಕ್‌ಗಳು ಬಲುಬೇಗ ಕಲಿಯುತ್ತವೆ. ಮೊದಲ ಗುಂಡು ಹಾರಿದ ಕೆಲವೇ ದಿನಗಳಲ್ಲಿ ಬೇಟೆ ಬಿಡದ ಖಾಸಗಿ ರ‍್ಯಾಂಚ್ ಸೇರಿಕೊಳ್ಳುತ್ತವೆ. ಹಿಂಡು ಗುರಿ ಮೀರಿದೆ ಎಂದು ಇಲಾಖೆ ಟ್ಯಾಗ್ ಹೆಚ್ಚಿಸಿ ದಿನ ಉದ್ದ ಮಾಡಿದರೆ, ಸಾರ್ವಜನಿಕ ನೆಲದಲ್ಲಿ ಉಳಿದ ನಾಲ್ಕು ಎಲ್ಕ್‌ಗಳ ಮೇಲೆ ನಲವತ್ತು ಜನ ಬೀಳುತ್ತಾರೆ, ಉಳಿದವೂ ಬೇಲಿ ದಾಟುತ್ತವೆ. ಟ್ಯಾಗ್ ಹೆಚ್ಚಾದಷ್ಟೂ ತಪ್ಪು ಜಾಗದಲ್ಲಿ ಎಲ್ಕ್ ಹೆಚ್ಚಾಗುತ್ತವೆ. ಆದ್ದರಿಂದ ಹೆಣ್ಣು ಎಲ್ಕ್ ಟ್ಯಾಗ್‌ಗಳನ್ನು ಖಾಸಗಿ ನೆಲಕ್ಕೆ ಮಾತ್ರ ಸಲ್ಲುವಂತೆ ಮಾಡಿ, ಸಾರ್ವಜನಿಕ ನೆಲದ ಒತ್ತಡ ಇಳಿಸಿ ಎಂಬ ಬೇಡಿಕೆ ಸರಿಯಾದದ್ದು.

ನೆಲವೇ ಹೋಗುವ ಸಂದರ್ಭ 2025ರ ಜೂನ್‌ನಲ್ಲಿ ಬಂದಿತ್ತು. ಒಕ್ಕೂಟದ ಲಕ್ಷಾಂತರ ಎಕರೆ ಮಾರುವ ಪ್ರಸ್ತಾವವನ್ನು ಯೂಟಾದ ಸೆನೆಟರ್ ಮೈಕ್ ಲೀ ಬಜೆಟ್ ಮಸೂದೆಗೆ ಸೇರಿಸಿದರು. ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುವ ಬೇಟೆಗಾರರೇ ತಮ್ಮ ಸಂಸದರಿಗೆ ಫೋನ್ ಮೇಲೆ ಫೋನ್ ಮಾಡಿದರು. ತಿಂಗಳು ಮುಗಿಯುವುದರೊಳಗೆ ಲೀ ಪ್ರಸ್ತಾವ ಹಿಂತೆಗೆದುಕೊಂಡರು.

ಬೇಟೆಗಾರರ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ ಒಡ್ಡುತ್ತಿರುವುದು ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಪ್ರಯಾನ್ ರೋಗ, ಅಂದರೆ ರೂಪಗೆಟ್ಟ ಪ್ರೋಟೀನಿನಿಂದ ಹಬ್ಬುವ ರೋಗ. 1967ರಲ್ಲಿ ಕೊಲೊರಾಡೊದಲ್ಲಿ ಮೊದಲು ಕಂಡ ಇದು ಈಗ 35ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ತಗುಲಿದ ಜಿಂಕೆ ಬದುಕುವುದಿಲ್ಲ, ಪ್ರಯಾನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೇಯಿಸಿದರೂ ಸಾಯುವುದಿಲ್ಲ. ಮನುಷ್ಯರಿಗೆ ತಗುಲಿದ ದೃಢಪಟ್ಟ ಪ್ರಕರಣ ಇಲ್ಲ, ಆದರೂ ರೋಗವಿರುವ ಪ್ರಾಣಿಯ ಮಾಂಸ ತಿನ್ನಬೇಡಿ ಎಂಬುದೇ ಆರೋಗ್ಯ ಇಲಾಖೆಯ ಸಲಹೆ. ಪರೀಕ್ಷೆಗೆ ಗಂಟಲಿನ ಹಿಂದಿರುವ ಜೋಡಿ ದುಗ್ಧಗ್ರಂಥಿ ಬೇಕು. ತಲೆ ಬಿಸಿಲಲ್ಲಿ ಕೊಳೆತರೆ ಮಾದರಿ ಹಾಳು, ಆದ್ದರಿಂದ ತಂಪಾಗಿಟ್ಟು ಬೇಗ ತಲುಪಿಸಬೇಕು. ಬೆನ್ನುಮೂಳೆ, ಮಿದುಳನ್ನು ಇನ್ನೊಂದು ಕಣಿವೆಗೆ ಒಯ್ದು ಎಸೆಯಬಾರದು.

ಮ್ಯೂಲ್ ಡಿಯರ್‌ಗಳಲ್ಲಿ ಈ ರೋಗ ಬಲಿತ ಗಂಡುಗಳಲ್ಲೇ ಹೆಚ್ಚು, ಹೆಣ್ಣುಗಳಿಗಿಂತ ಸುಮಾರು ಎರಡು ಪಟ್ಟು. ರೋಗ ತಗ್ಗಬೇಕಾದರೆ ದೊಡ್ಡ ಕೊಂಬಿನವನ್ನೇ ಹೆಚ್ಚು ಹೊಡೆಯಬೇಕು, ಹಿಂಡಿನಲ್ಲಿ ಗಂಡುಗಳ ಅನುಪಾತ ಇಳಿಸಬೇಕು. ಬೇಟೆಗಾರರು ದಶಕಗಳಿಂದ ಕೇಳಿದ್ದು ಇದಕ್ಕೆ ತದ್ವಿರುದ್ಧ. ಹಾಗೆಯೇ ವಯೋಮಿಂಗ್ ಸರ್ಕಾರ ಚಳಿಗಾಲದಲ್ಲಿ ಎಲ್ಕ್‌ಗಳಿಗೆ ಹುಲ್ಲು ಹಾಕುವ ಇಪ್ಪತ್ತಕ್ಕೂ ಹೆಚ್ಚು ತಾಣಗಳು. ಸಾಲಾಗಿ ಹಾಕಿದ ಹುಲ್ಲಿನ ಮೇಲೆ ನೂರಾರು ಮೂತಿ ಸೇರುವ ಜಾಗ ರೋಗ ಹಬ್ಬಲು ತಕ್ಕದ್ದು, 2025ರ ಆರಂಭದಲ್ಲಿ ಅಂಥ ತಾಣಗಳಲ್ಲೇ ಅದು ಪತ್ತೆಯೂ ಆಯಿತು. ಹುಲ್ಲು ನಿಲ್ಲಿಸಿದರೆ ಎಲ್ಕ್ ಸಂಖ್ಯೆ ಇಳಿಯುತ್ತದೆ, ಟ್ಯಾಗ್ ಕಡಿಮೆಯಾಗುತ್ತದೆ, ಹಸಿದವು ರೈತರ ಬಣವೆಗೆ ನುಗ್ಗುತ್ತವೆ. ಆದರೂ ಹಂತ ಹಂತವಾಗಿ ನಿಲ್ಲಿಸಿ ಎಂದು ಕೇಳುವ ಬೇಟೆಗಾರರೇ ಸರಿ ಎಂಬುದು ಈ ಲೇಖನದ ನಿಲುವು. ತಡಮಾಡಿದಷ್ಟೂ ಮಣ್ಣಿಗೆ ಸೇರುವ ಪ್ರಯಾನ್ ಹೆಚ್ಚು, ಅದನ್ನು ತೆಗೆಯುವ ದಾರಿ ಇಲ್ಲ.

ಕೇಳುವ ರೀತಿಗೂ ಬೆಲೆ ಇದೆ. ರಾಜ್ಯಪಾಲರು ನೇಮಿಸುವ ಏಳು ಸದಸ್ಯರ ಆಯೋಗ ವಯೋಮಿಂಗ್‌ನ ಬೇಟೆಯ ದಿನ ಮತ್ತು ಟ್ಯಾಗ್ ಸಂಖ್ಯೆಯನ್ನು ಏಪ್ರಿಲ್‌ನಲ್ಲಿ ಅಂಗೀಕರಿಸುತ್ತದೆ. ಕರಡಿನ ಮೇಲೆ ಊರೂರಿನಲ್ಲಿ ಸಭೆ ನಡೆಯುವುದು ಅದಕ್ಕೂ ಮುಂಚೆ, ಮಾರ್ಚ್ ಸುಮಾರಿಗೆ. ಸೆಪ್ಟೆಂಬರ್‌ನಲ್ಲಿ ಖಾಲಿ ಕೈಯಲ್ಲಿ ಮರಳಿ ಸಿಟ್ಟಿನಿಂದ ಬರೆದ ಪತ್ರ ಆ ವರ್ಷಕ್ಕೆ ತಲುಪುವುದಿಲ್ಲ. ಜಿಂಕೆ ಕಡಿಮೆಯಾಗಿದೆ, ಏನಾದರೂ ಮಾಡಿ ಎಂಬ ಇನ್ನೂರು ಪತ್ರಗಳಿಗಿಂತ, ಬೇಟೆ ಪ್ರದೇಶದ ಸಂಖ್ಯೆ ಬರೆದು, ಇಲಾಖೆಯದೇ ವಾರ್ಷಿಕ ಹಿಂಡು ವರದಿಯಿಂದ ಮೂರು ವರ್ಷದ ಮರಿ ಅನುಪಾತ ಎತ್ತಿ ತೋರಿಸಿ, ಈ ಪ್ರದೇಶದಲ್ಲಿ ಮರಿಗಳು 100ಕ್ಕೆ 60 ಮುಟ್ಟುವವರೆಗೆ ಹೆಣ್ಣು ಜಿಂಕೆಯ ಟ್ಯಾಗ್ ಬೇಡ ಎಂದು ಕೇಳುವ ಒಂದು ಪುಟಕ್ಕೆ ತೂಕ ಹೆಚ್ಚು. ಅದೇ ಪುಟದ ಪ್ರತಿಯೊಂದನ್ನು ಒಕ್ಕೂಟದ ಭೂ ಇಲಾಖೆಯ ಸ್ಥಳೀಯ ಕಚೇರಿಗೂ ಕಳಿಸಿ, ಆ ಹಿಂಡಿನ ಚಳಿಗಾಲದ ಬಯಲಿನಲ್ಲಿ ಕೊರೆಯಲು ಈ ವರ್ಷ ಎಷ್ಟು ವಿನಾಯಿತಿ ಕೊಟ್ಟಿರಿ ಎಂದು ಕೇಳಬೇಕು.